ಜರ್ಮನ್ ಬೋಗುಣಿಯ ಎಂಜಿನ್

ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹಾಲು ಕಾಸಿ ಇಳಿಸಿದರೆ ಮುಚ್ಚಲು ಮುಚ್ಚಳ ಇರುತ್ತಿರಲಿಲ್ಲ. ಮುತ್ತುಗದ ಎಲೆ ಮುಚ್ಚಿ, ಅದು ಹಾರದಂತೆ ಮೇಲೊಂದು ಕಲ್ಲು ಇಡುತ್ತಿದ್ದೆ. ಬೆಕ್ಕಿಗೆ ಕಲ್ಲು ಯಾವ ಲೆಕ್ಕ? ಒಂದು ಮಧ್ಯಾಹ್ನ ಬಂದು ನೋಡಿದರೆ ಎಲೆ, ಕಲ್ಲು ಎರಡೂ ಹಾಲಿನೊಳಗೆ ಬಿದ್ದಿದ್ದವು, ಬೆಕ್ಕು ಒಲೆಕಟ್ಟೆಯ ಮೇಲೆ ಕೂತು ಮೀಸೆ ನೆಕ್ಕುತ್ತಿತ್ತು. ಸಿಟ್ಟಿನಿಂದ ಹಿತ್ತಲಿಗೆ ಹೋದೆ. ನನ್ನ ಮುಚ್ಚಳಗಳೆಲ್ಲ ನಟ್ಟನಡುವೆ ತೂತು ಕೊರೆಸಿಕೊಂಡು, ಒಂದರ ಮೇಲೊಂದು ಏರಿ, ಒಂದು ದಪ್ಪ ಕಬ್ಬಿಣದ ಕೊಳವೆಗೆ ಬಳೆ ತೊಡಿಸಿದ ಹಾಗೆ ಕೂತಿದ್ದವು. ನಮ್ಮ ಮನೆಯವರು ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದರ ನಡುವೆ ಗಾಳಿ ಆಡುತ್ತದೆಯೋ ಇಲ್ಲವೋ ಎಂದು ಊದಿ ನೋಡುತ್ತಿದ್ದರು.

"ಎಂಜಿನ್ ಕಾಯ್ತೈತಿ. ಗಾಳಿ ಬಡದು ತಣ್ಣಗ ಆಗಬೇಕಲ್ಲ, ಅದಕ್ಕ" ಎಂದರು, ನಾನು ಕೇಳುವ ಮೊದಲೇ.

"ಹಾಲಿಗೆ ಏನ ಮುಚ್ಚಲಿ?"

"ಗಂಗಾಳ ಮುಚ್ಚು."

ಗಂಗಾಳಗಳು ಎಲ್ಲಿದ್ದವು? ಒಂದನ್ನು ಎಣ್ಣೆ ಸೋರುವಲ್ಲಿ ಹಿಡಿದಿದ್ದರು, ಇನ್ನೊಂದರಲ್ಲಿ ಮೊಳೆ, ತಿರುಪು, ನಟ್ಟು ಇದ್ದವು. ಉಳಿದದ್ದು ಅತ್ತೆಯ ಊಟದ್ದು. ಅದನ್ನು ಮುಟ್ಟುವ ಧೈರ್ಯ ಇವರಿಗೂ ಇರಲಿಲ್ಲ.

ನಾನು ಸವಡಿಯವಳು. ಕೊಟ್ಟದ್ದು ನರಗುಂದಕ್ಕೆ, ಗುಡ್ಡದ ಬುಡದ ಓಣಿಯ ಒಂದು ಮನೆಗೆ. ಮನೆಗೆ ಹೊಂದಿಕೊಂಡೇ ಇವರ ಹಿಟ್ಟಿನ ಗಿರಣಿ. ಎಣ್ಣೆ ಎಂಜಿನ್ನಿನ ಗಿರಣಿ ಅದು. ಸುರುವಾಯಿತೆಂದರೆ ಸಪ್ಪಳ ಓಣಿಗೆಲ್ಲ ಮುಟ್ಟುತ್ತಿತ್ತು, ಅದನ್ನು ಕೇಳಿಯೇ ಹೆಂಗಸರು ಜೋಳದ ಬುಟ್ಟಿ ಹೊತ್ತು ಬರುತ್ತಿದ್ದರು. ಇವರಿಗೆ ಆ ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂಬುದು ಅಂಗೈ ಗೆರೆಯಷ್ಟು ಪರಿಚಯ. ಕೆಟ್ಟರೆ ತಾವೇ ಬಿಚ್ಚಿ ತಾವೇ ಜೋಡಿಸುತ್ತಿದ್ದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನೂ ಉಳಿದವರ ಹಾಗೆ ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ಹಾಲು ಇಟ್ಟುಕೊಂಡು ಸಂಸಾರ ಮಾಡುತ್ತಿದ್ದೆ.

ಮದುವೆಗೆ ಮುಂಚೆ, ಯುದ್ಧದ ಕಾಲದಲ್ಲಿ, ಇವರು ಬೆಳಗಾವಿಯ ಕಡೆ ಒಂದು ವಿಮಾನ ನಿಲ್ದಾಣಕ್ಕೆ ಗಾಡಿಯಲ್ಲಿ ಕಲ್ಲು ಸಾಗಿಸಲು ಹೋಗಿದ್ದರಂತೆ. ಅಲ್ಲಿ ಒಂದು ಶೆಡ್ಡಿನೊಳಗೆ ವಿಮಾನದ ಎಂಜಿನ್ನನ್ನು ಮೇಜಿನ ಮೇಲೆ ಇಟ್ಟಿದ್ದನ್ನು ಕಿಟಕಿಯಿಂದ ಕಂಡರಂತೆ. ನಮ್ಮ ಗಿರಣಿಯ ಎಂಜಿನ್ ಅಲುಗಿಸಬೇಕಾದರೆ ಓಣಿಯ ಗಂಡಸರೆಲ್ಲ ಸೇರಬೇಕು. ಅಲ್ಲಿ ಒಬ್ಬ ಸಿಪಾಯಿ ಎಂಜಿನ್ನಿನ ದೊಡ್ಡ ತುಂಡೊಂದನ್ನು ಒಂದೇ ಕೈಯಲ್ಲಿ ಎತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಟನಂತೆ. ಬೆಳ್ಳಗಿತ್ತಂತೆ, ಹಗುರವಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಆ ಸಿಪಾಯಿಯ ಮುಖ ನನಗೇ ಗುರುತು ಸಿಗಬಹುದು.

ಓಣಿಯವರು ಇವರು ವಿಮಾನ ಮಾಡಿ ಹಾರುತ್ತಾರೆ ಎಂದುಕೊಂಡಿದ್ದರು. ಹಾಗೇನೂ ಇರಲಿಲ್ಲ. ಕೇಳಿದವರಿಗೆಲ್ಲ ಇವರದು ಒಂದೇ ಉತ್ತರ. "ಹಾರೂದು ಯಾರಿಗೆ ಬೇಕಾಗೇತಿ? ವಿಮಾನದ ಎಂಜಿನ್ ನನ್ನ ಕೈಲೆ ಮಾಡಬೇಕು. ಅದು ಒಮ್ಮೆ ಚಾಲೂ ಆಗಿದ್ದು ನನ್ನ ಕಿವಿಲೆ ಕೇಳಬೇಕು. ಮುಗೀತು." ಇಷ್ಟೇ ಆಸೆ. ಸಣ್ಣದಾಗಿ ಕೇಳಿಸುತ್ತದೆ. ಆ ಸಣ್ಣ ಆಸೆಯ ಹೊಟ್ಟೆಗೆ ನನ್ನ ಅಡುಗೆಮನೆ ಪೂರ್ತಿ ಹೋಯಿತು.

ಹೇಗೆ ಹೋಯಿತು ಎನ್ನುವುದಕ್ಕೆ ಗಜೇಂದ್ರಗಡದ ಒಬ್ಬ ಮನುಷ್ಯ ಕಾರಣ. ಅವರು ಪಲ್ಟನ್ನಿನಲ್ಲಿದ್ದು ಬಂದವರು. ಯುದ್ಧದಲ್ಲಿ ವಿಮಾನಗಳ ಕಾರ್ಖಾನೆಯಲ್ಲಿ ಎಂಜಿನ್ ಒರೆಸುವ ಕೆಲಸ ಮಾಡಿದ್ದರಂತೆ. ಊರಿಗೆ ಬಂದ ಮೇಲೆ ಗ್ಯಾಸ್ ಬತ್ತಿ, ಸ್ಟೋ ರಿಪೇರಿ ಮಾಡುತ್ತಿದ್ದರು. ಗಿರಣಿಯ ಯಾವುದೋ ಸಾಮಾನಿಗೆ ಅಲ್ಲಿಗೆ ಹೋದ ಇವರು ಅವರ ಅಂಗಡಿ ಮುಂದೆ ಕೂತು, ವಿಮಾನದ ಎಂಜಿನ್ ಎಂಥಾದ್ದು ಎಂದು ಕೇಳಿದ್ದಾರೆ. ಅವರು ಬತ್ತಿಯ ಗಾಜು ಒರೆಸುತ್ತ ಹೇಳಿದ್ದು ಇಷ್ಟು: "ಎಂಜಿನ್ ಅಂದ್ರ ಜರ್ಮನ್. ಉಳಿದಾವೆಲ್ಲಾ ಬರೇ ಹೆಸರಿಗೆ."

ಈಗಿನವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಆಗ ನಮ್ಮ ಕಡೆ ಅಲ್ಯೂಮಿನಿಯಂ ಎಂಬ ಶಬ್ದ ಯಾರ ಬಾಯಲ್ಲೂ ಇರಲಿಲ್ಲ. ಬೋಗಾರರ ಅಂಗಡಿಯಲ್ಲಿ, ಸಂತೆಯಲ್ಲಿ, ಬೆಳ್ಳಗೆ ಹಗುರವಾಗಿ ಸಿಗುವ ಪಾತ್ರೆಗೆ ಜರ್ಮನ್ ಪಾತ್ರೆ ಎಂದೇ ಹೆಸರು. ಜರ್ಮನ್ ಬೋಗುಣಿ, ಜರ್ಮನ್ ಡಬ್ಬಿ, ಜರ್ಮನ್ ಸೌಟು. ಯುದ್ಧ ಮಾಡಿದ ದೇಶದ ಹೆಸರೂ ಅದೇ ಎಂಬುದು ಇವರಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ದಿನಾ ಕೈಗೆ ಸಿಗುವ ಜರ್ಮನ್ ಅಡುಗೆಮನೆಯ ಗೋಡೆಯಲ್ಲಿ ಪಾತ್ರೆ ಜೋಡಿಸುವ ಮಾಡಿನಲ್ಲೇ ಇರುವಾಗ ಅಷ್ಟು ದೂರದ ಜರ್ಮನಿ ಯಾಕೆ ನೆನಪಾಗಬೇಕು? ಮೇಲಾಗಿ ಬೆಳಗಾವಿಯಲ್ಲಿ ಬೆಳ್ಳನೆಯ ಹಗುರ ತುಂಡನ್ನು ಕಣ್ಣಾರೆ ಕಂಡಿದ್ದಾರೆ. ಎರಡೂ ಹೊಂದಿಬಿಟ್ಟವು. ಆ ಸಂಜೆ ಬಸ್ಸಿಳಿದು ಬಂದವರು ಕಾಲು ಸಹ ತೊಳೆಯದೆ ಅಡುಗೆಮನೆಗೆ ನುಗ್ಗಿ, ಪಾತ್ರೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ನೋಡಿದರು. ನನಗೆ ಹಸಿವಾಗಿದೆಯೇನೋ ಎನ್ನಿಸಿ ರೊಟ್ಟಿ ಬಡಿಯಲು ಕೂತೆ.

ಹುಬ್ಬಳ್ಳಿಯ ಗುಜರಿಯಿಂದ ಒಂದು ಹಳೇ ಮೋಟಾರು ಸೈಕಲ್ಲಿನ ಕಬ್ಬಿಣದ ಕೊಳವೆ, ದಂಡ, ಕಿಡಿ ಹಾರಿಸುವ ಯಂತ್ರ ತಂದರು. ಉಳಿದದ್ದೆಲ್ಲ ನನ್ನ ಮಾಡಿನಿಂದ. ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿಗೆ ಬೋಗುಣಿಗಳು ಕರಗಿದವು. ಪೆಟ್ರೋಲು ತುಂಬಲು ನಾನು ಮಸಾಲೆ ತುಂಬಿಡುತ್ತಿದ್ದ ಬಿಸ್ಕೀಟು ಡಬ್ಬಿ. ಆ ಪೆಟ್ರೋಲು ಹೆಚ್ಚು ಕಡಿಮೆ ಆಗದಂತೆ ನೋಡಿಕೊಳ್ಳಲು ಅದರಲ್ಲೊಂದು ತೇಲುವ ಬುರುಡೆ ಬೇಕಂತೆ. ಅದಕ್ಕೆ ನಾನು ಕುಂಕುಮದ ಕೆಳಗೆ ಹಚ್ಚಿಕೊಳ್ಳುವ ಮೇಣದ ಪುಟ್ಟ ಡಬ್ಬಿಯೇ ಆಗಬೇಕಾಯಿತು. ಮೇಣವನ್ನು ಕೆರೆದು ಬಾಳೆ ಎಲೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಹೂರಣ ಬೇಯಿಸುವ ಪಾತೇಲಿ ಕೆಳಗೆ ಎಣ್ಣೆ ಹಿಡಿಯಲು ಹೋಯಿತು. ಬಡಿಗೇರರಿಂದ ಮಾಡಿಸಿದ ಕಟ್ಟಿಗೆಯ ಪಂಖಾದ ನಡುವೆ, ಗಾಳಿ ಸೀಳಲು ಚೂಪಾದದ್ದೊಂದು ಬೇಕೆಂದು ನಮ್ಮವ್ವ ಕೊಟ್ಟ ತಾಮ್ರದ ತಂಬಿಗೆಯನ್ನು ಬೋರಲಾಗಿ ಬಿಗಿದರು.

ನಮ್ಮ ಕಡೆ ಮದುವೆಯಲ್ಲಿ ಕೊಡುವ ಪಾತ್ರೆಗೆ ಕೊಟ್ಟವರ ಹೆಸರು ಕೊರೆಸುತ್ತಾರೆ. ಸೋದರಮಾವ, ದೊಡ್ಡಪ್ಪ, ಹೊಲದ ನೆರೆಯವರು, ಎಲ್ಲರ ಹೆಸರೂ ಚುಕ್ಕೆ ಚುಕ್ಕೆ ಅಕ್ಷರದಲ್ಲಿ ಇರುತ್ತವೆ. ಪಾತ್ರೆ ತಿಕ್ಕುವಾಗ ತವರಿನ ಮಂದಿಯನ್ನೆಲ್ಲ ಒಮ್ಮೆ ಮಾತಾಡಿಸಿದ ಹಾಗಾಗುತ್ತದೆ. ಹೆಸರಿರುವ ಪಾತ್ರೆ ಕರಗಿಸಬಾರದು ಎಂದು ನಾನು ಅಡ್ಡ ನಿಂತೆ. ಇವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಮನಸ್ಸು ಕರಗಿತೇನೋ ಎಂದುಕೊಂಡೆ. ಕತ್ತರಿ ತಂದರು. ಹೆಸರು ಇದ್ದ ಪಟ್ಟಿಯಷ್ಟನ್ನು ಕತ್ತರಿಸಿ ನನ್ನ ಉಡಿಗೆ ಹಾಕಿ, "ಹೆಸರ ನೀ ಇಟಗೋ" ಎಂದರು. ಅವರ ಪ್ರಕಾರ ಅದು ನ್ಯಾಯ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಲೋಹ ಹೊಯ್ಯುವ ಅಚ್ಚನ್ನು ಮರಳಿನಲ್ಲಿ ಮಾಡುತ್ತಿದ್ದರು. ಮರಳು ಕಚ್ಚಿಕೊಳ್ಳಲಿ ಎಂದು ಬೆಲ್ಲದ ನೀರು. ಅಂದರೆ ಬೆಲ್ಲವೂ ಹೋಯಿತು. ರಾತ್ರಿ ಇಟ್ಟ ಅಚ್ಚಿಗೆ ಮುಂಜಾನೆ ಇರುವೆ ಮುತ್ತಿರುತ್ತಿದ್ದವು, ಮತ್ತೆ ಹೊಸ ಅಚ್ಚು, ಮತ್ತೆ ಹೊಸ ಬೆಲ್ಲ. ಮೊದಲ ಪಿಸ್ಟನ್ನು ಹೊಯ್ದಾಗ ಒಳಗೆಲ್ಲ ತೂತು. ಎರಡನೆಯದು ಹುಬ್ಬಳ್ಳಿಯ ಲೇಥಿನಲ್ಲಿ ಕೆತ್ತಿಸುವಾಗ ಬೆಣ್ಣೆಯಂತೆ ಅಂಟಿಕೊಂಡಿತಂತೆ. ಒಂದು ಕೆಟ್ಟಿತೆಂದರೆ ಇವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅಡುಗೆಮನೆಯ ಕಡೆ ನೋಡುತ್ತಿದ್ದರು. ಆ ನೋಟ ಕಂಡರೆ ನಾನು ಉಳಿದ ಪಾತ್ರೆಗಳನ್ನು ಎಣಿಸುತ್ತಿದ್ದೆ.

ನಮ್ಮ ಪಾತ್ರೆ ಮುಗಿದ ಮೇಲೆ ಏನಾಯಿತೆಂದರೆ, ಪಕ್ಕದ ಮನೆಯ ಚಾಚಿಯ ಡಬ್ಬಿಯೂ ಹೋಯಿತು. ಚಾಚಿ ವಯಸ್ಸಾದವರು. ಅವರ ಮನೆಯಲ್ಲಿ ಗಾದಿ ಹೊಲಿಯುವ ಕೆಲಸ. ರಮಜಾನಿಗೆ ಜರ್ಮನ್ ಡಬ್ಬಿಯಲ್ಲಿ ನಮಗೆ ಶಾವಿಗೆ ಪಾಯಸದ ಸುರಕುಂಬಾ ಕಳಿಸಿದ್ದರು. ಹೀಗೆ ಬಂದ ಡಬ್ಬಿಯನ್ನು ನಾವು ಖಾಲಿ ಕೊಡುವುದಿಲ್ಲ. ಏನಾದರೂ ಹಾಕಿ ಕೊಡಬೇಕು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸರಿ. ಪಂಚಮಿಯ ಉಂಡಿ ಹಾಕಿ ಕೊಡೋಣ ಎಂದು ತೊಳೆದು ಬೋರಲು ಹಾಕಿದ್ದೆ. ಉಂಡಿ ಕಟ್ಟಿ ಮುಗಿಸುವ ಹೊತ್ತಿಗೆ ಡಬ್ಬಿ ಇರಲಿಲ್ಲ. ಹಿತ್ತಲಲ್ಲಿ ಪಾತ್ರೆ ಕರಗಿಸುವ ಕುಲುಮೆಯ ತಿದಿ ಉಸಿರಾಡುವುದು ಕೇಳುತ್ತಿತ್ತು.

ಚಾಚಿ ಒಮ್ಮೆಯೂ ಬಾಯಿ ಬಿಟ್ಟು ಕೇಳಲಿಲ್ಲ. ನೀರಿಗೆ ಹೋಗುವಾಗ ಸಿಕ್ಕರೆ, "ಯವ್ವಾ, ಉಂಡಿ ಕಟ್ಟಿದ್ರೇನು?" ಎನ್ನುತ್ತಿದ್ದರು. ನಾನು ಕೊಡ ಹೊತ್ತು ತಲೆ ಬಗ್ಗಿಸಿಕೊಂಡು ಓಡುತ್ತಿದ್ದೆ. ಒಂದು ಡಬ್ಬಿಯ ಸಲುವಾಗಿ ಒಬ್ಬ ಹೆಣ್ಣುಮಗಳ ಮುಖ ನೋಡದಂತಾಯಿತಲ್ಲ ಎಂದು ನನಗೆ ಇವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಯಾರ ಹತ್ತಿರ ಹೇಳಿಕೊಳ್ಳಲಿ? ಅತ್ತೆಯ ಹತ್ತಿರ ಹೇಳಿದರೆ, "ಕುಡ್ಯಾಂಗಿಲ್ಲ, ಇಸ್ಪೀಟ ಆಡಾಂಗಿಲ್ಲ. ಡಬ್ಬಿ ಕಡದ್ರ ಕಡೀಲಿ ಬಿಡು" ಎನ್ನುತ್ತಿದ್ದರು. ತವರಿಗೆ ಹೋದಾಗ ನಮ್ಮವ್ವನೂ ಅದನ್ನೇ ಹೇಳಿದಳು. ಕುಡಿಯದ ಗಂಡ ಏನು ಮಾಡಿದರೂ ನಡೆಯುತ್ತದೆ ಎಂದು ಊರ ಹೆಂಗಸರೆಲ್ಲ ಸೇರಿ ಠರಾವು ಮಾಡಿದ್ದರೋ ಏನೋ. ಇಸ್ಪೀಟು ಆಡುವವನ ಹೆಂಡತಿ ಅತ್ತರೆ ನಾಲ್ಕು ಮಂದಿ ಸಮಾಧಾನ ಹೇಳಲು ಬರುತ್ತಾರೆ, ನಾನು ಅತ್ತರೆ ನಕ್ಕುಬಿಡುತ್ತಿದ್ದರು.

ಕೊನೆಗೆ ನಾನೇ ಒಂದು ದಿನ ಊಟಕ್ಕೆ ಬಡಿಸದೆ ಕೂತೆ. ಬಡಿಸಲು ಪಾತ್ರೆಯೂ ಇರಲಿಲ್ಲ ಎನ್ನುವುದು ಬೇರೆ ಮಾತು. ಅತ್ತೆಯ ಎದುರಿಗೇ ಮಾತಾಯಿತು.

"ಇದು ಎಂದ ಮುಗೀತೈತ್ರಿ?" ಎಂದೆ.

ಇವರು ಗೋಡೆ ನೋಡಿದರು, ಅತ್ತೆಯನ್ನು ನೋಡಿದರು. "ಬರೂ ದಸರಾದ ಖಂಡೇಪೂಜಿ ತನಾ ಬಿಡು. ಅಷ್ಟರಾಗ ಅದು ಚಾಲೂ ಆಗಿದ್ದು ನಾ ಕೇಳಿದ್ರ, ನಿನ್ನ ಭಾಂಡಿ ಮಾತು ಮತ್ತ ತಗೀಬ್ಯಾಡ. ಕೇಳಲಿಲ್ಲ ಅಂದ್ರ ಎಲ್ಲಾ ಬಿಚ್ಚಿ ಬೋಗಾರರಿಗೆ ಹಾಕಿ ಹೊಸಾವು ತರತೇನಿ. ಆತಿಲ್ಲೋ?"

"ಆತು" ಎಂದೆ. ಅವತ್ತಿನಿಂದ ನಾನು ಆ ಎಂಜಿನ್ನಿನ ವೈರಿ. ಹಿತ್ತಲಲ್ಲಿ ಇವರು ಪಂಖಾ ಹಿಡಿದು ಎಳೆದಾಗಲೆಲ್ಲ ನಾನು ಒಳಗೆ, ಆಗದಿರಲಪ್ಪ ದೇವರೇ, ಎಂದು ಕೈ ಮುಗಿಯುತ್ತಿದ್ದೆ. ದೇವರು ನನ್ನ ಮಾತು ಕೇಳುತ್ತಲೂ ಇದ್ದ. ಎಂಜಿನ್ನು ಕೆಮ್ಮುತ್ತಿತ್ತು, ಸೀನುತ್ತಿತ್ತು, ಒಮ್ಮೊಮ್ಮೆ ನೀಲಿ ಹೊಗೆ ಬಿಟ್ಟು ಆಸೆ ತೋರಿಸುತ್ತಿತ್ತು, ಅಷ್ಟೇ.

ಖಂಡೇಪೂಜೆ ಹತ್ತಿರ ಬಂದಿತ್ತು. ಅತ್ತೆ ಮಗಳನ್ನು ನೋಡಲು ಕೊಣ್ಣೂರಿಗೆ ಹೋಗಿದ್ದರು. ಅವತ್ತು ನಸುಕಿನಿಂದ ಇವರು ಪಂಖಾ ಎಳೆದರು. ಎಳೆದು ಎಳೆದು ಅಂಗಿ ತೊಯ್ದು ಹೋಯಿತು. ಪೆಟ್ರೋಲು ಕುಡಿದು ಕುಡಿದು ಅದಕ್ಕೆ ಹೊಟ್ಟೆ ತುಂಬಿದೆ, ಅದಕ್ಕೇ ಕಿಡಿ ಹತ್ತುತ್ತಿಲ್ಲ ಎಂದು ತಾವೇ ಗೊಣಗಿದರು. ಕೊನೆಗೆ ನಟ್ಟು ಬಿಚ್ಚುವ ಪಾನಾವನ್ನು ಗೋಡೆಗೆ ಎಸೆದರು. ಇವರು ಸಾಮಾನು ಎಸೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಪೆಟ್ರೋಲಿನ ನಳ ಸಹ ಮುಚ್ಚದೆ, ಕೈಕಾಲು ತೊಳೆದು, ಗಿರಣಿಗೆ ಕೀಲಿ ಹಾಕಿ, "ಗಜೇಂದ್ರಗಡಕ್ಕ ಹೋಗಿ ಕೇಳಿ ಬರತೇನಿ. ಎಲ್ಲೋ ತಪ್ಪೇತಿ" ಎಂದು ರೋಣದ ಬಸ್ಸಿಗೆ ಹೋದರು.

ಮಧ್ಯಾಹ್ನ ಬಿಸಿಲು ಏರಿತು. ಬಾಯಾರಿಕೆಯಾಗಿ ಹಂಡೆಯ ಹತ್ತಿರ ಹೋದೆ. ನೀರು ತೋಡಲು ಕೈಗೆ ಸಿಕ್ಕದ್ದು ತೆಂಗಿನ ಚಿಪ್ಪು. ಆ ಚಿಪ್ಪಿನಲ್ಲಿ ನೀರು ಕುಡಿಯುತ್ತಿದ್ದಂತೆ ಸಿಟ್ಟು ಉಕ್ಕಿಬಂತು. ಬೇಡಿ ತಿನ್ನುವ ಭಿಕ್ಷುಕಿಯೂ ಡಬ್ಬಿಯಲ್ಲಿ ನೀರು ಕುಡಿಯುತ್ತಾಳೆ. ನಮ್ಮವ್ವ ಕೊಟ್ಟ ತಂಬಿಗೆ ಹಿತ್ತಲಲ್ಲಿ ಪಂಖಾದ ಮೂಗಿಗೆ ಕೂತು ಮೆರೆಯುತ್ತಿರುವಾಗ ನಾನೇಕೆ ಚಿಪ್ಪಿನಲ್ಲಿ ಕುಡಿಯಲಿ? ಇವರು ಬರುವಷ್ಟರಲ್ಲಿ ತಂಬಿಗೆ ಬಿಚ್ಚಿ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ ಅವರ ಮುಂದೆಯೇ ಇಡಬೇಕು ಎಂದು ಸೆರಗು ಬಿಗಿದು ಹೊರಟೆ.

ಎಂಜಿನ್ನನ್ನು ದಪ್ಪ ಕಟ್ಟಿಗೆಯ ಅಡ್ಡೆಗೆ ಕೂರಿಸಿ, ಅಡ್ಡೆಯನ್ನು ಬೇವಿನ ಗಿಡಕ್ಕೆ ಸರಪಳಿಯಿಂದ ಬಿಗಿದಿದ್ದರು. ತಂಬಿಗೆಯನ್ನು ತಿರುವಿ ಬಿಚ್ಚಬೇಕು. ತಿರುವಿದರೆ ಅದರ ಜೊತೆ ಪಂಖಾನೂ ತಿರುಗುತ್ತಿತ್ತು. ಒಂದು ಕೈಯಲ್ಲಿ ಪಂಖಾ ಹಿಡಿದು, ಇನ್ನೊಂದು ಕೈಯಲ್ಲಿ ತಂಬಿಗೆ ಅಮುಕಿ, ಇದ್ದ ಬಲವನ್ನೆಲ್ಲ ಹಾಕಿ ತಿರುವಿದೆ. ಪಂಖಾ ಒಂದು ಕಡೆ ಬಿಗಿಯಾಗಿ ತಡೆದು ನಿಂತಿತು. ನಾನೂ ಬಿಡಲಿಲ್ಲ. ಮತ್ತೊಮ್ಮೆ ಜೋರು ಮಾಡಿದೆ. ಆ ತಡೆ ಒಮ್ಮೆಲೇ ದಾಟಿತು, ಪಂಖಾ ನನ್ನ ಕೈ ಕಿತ್ತುಕೊಂಡು ಹೋಯಿತು.

ಮುಂಜಾನೆ ಹೊಟ್ಟೆ ತುಂಬಿಸಿಕೊಂಡ ಪೆಟ್ರೋಲು ಬಿಸಿಲಿಗೆ ಆರಿ ಸಮಕ್ಕೆ ಬಂದಿತ್ತಂತೆ. ಇದನ್ನು ಇವರು ಆಮೇಲೆ ವಿವರಿಸಿದ್ದು. ಆಗ ನನಗೆ ಗೊತ್ತಾದದ್ದು ನಾನು ತುಳಸಿಕಟ್ಟೆಯ ಹತ್ತಿರ ಬಿದ್ದಿದ್ದೇನೆ, ಮೊಣಕೈ ತರಚಿದೆ, ಎದುರಿಗೆ ಪಂಖಾ ಕಾಣಿಸುತ್ತಿಲ್ಲ, ಅದಿದ್ದ ಜಾಗದಲ್ಲಿ ಬರೀ ಮಸುಕು ಗಾಳಿ ಇದೆ ಎಂಬುದಷ್ಟೇ. ಹಗ್ಗದ ಮೇಲೆ ಒಣಹಾಕಿದ್ದ ಅತ್ತೆಯ ಸೀರೆ ಹರಿದು ಗೋಡೆಗೆ ಬಡಿಯಿತು. ಸಗಣಿ ಕುಳ್ಳಿನ ಒಟ್ಟಿಲು ಕುಸಿಯಿತು. ಕೋಳಿಗಳು ಎತ್ತ ಹೋದವೋ. ನಿಲ್ಲಿಸುವುದು ಹೇಗೆಂದು ನನಗೆ ತಿಳಿಯದು. "ಸಾಕು, ನಿಂದ್ರು, ನಿಂದ್ರು ಮಾರಾಯಾ" ಎಂದು ಎಮ್ಮೆಗೆ ಹೇಳುವ ಹಾಗೆ ಕೂಗಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಹೆದರಿಕೆ ಇಳಿಯಿತು. ಅದು ನನ್ನ ಮೈಮೇಲೆ ಬರುವುದಿಲ್ಲ, ಸರಪಳಿ ಗಟ್ಟಿಯಿದೆ ಎಂದು ತಿಳಿಯಿತು. ಬೇವಿನ ಎಲೆಗಳೆಲ್ಲ ಒಂದೇ ಕಡೆ ಮುಖ ಮಾಡಿ ನಡುಗುತ್ತಿದ್ದವು. ನನ್ನ ಮುಚ್ಚಳಗಳೆಲ್ಲ ಒಟ್ಟಿಗೆ ಗುಂಯ್ಗುಡುತ್ತಿದ್ದವು. ಮೊದಲು ಒರಟಾಗಿದ್ದ ಸಪ್ಪಳ ಬರಬರುತ್ತ ಒಂದೇ ಸಮನಾಯಿತು. ಕೇಳಬೇಕೆಂದು ನಾನು ಕೇಳಲಿಲ್ಲ, ಆದರೆ ಕೇಳದೆ ಎಲ್ಲಿಗೆ ಹೋಗಲಿ? ನನಗೆ ಆಗ ಬಂದ ಸಿಟ್ಟು ಹೇಳತೀರದು. ಇಷ್ಟು ವರ್ಷ ಜೀವ ತೇಯ್ದ ಮನುಷ್ಯ ಇಲ್ಲಿಲ್ಲ. ಅವರು ರೋಣ ದಾಟಿ ಎಲ್ಲೋ ಬಸ್ಸಿನಲ್ಲಿ ತೂಕಡಿಸುತ್ತಿದ್ದಾರೆ. ಆಗಬಾರದೆಂದು ಕೈಮುಗಿದವಳ ಮುಂದೆ ಇದು ಓಡುತ್ತಿದೆ. ಬೀದಿಗೆ ಓಡಿಹೋಗಿ ಅವರನ್ನು ಕರೆಯೋಣವೆನ್ನಿಸಿತು. ಕರೆದರೆ ಗಜೇಂದ್ರಗಡಕ್ಕೆ ಕೇಳಿಸುತ್ತದೆಯೇ?

ಅನ್ನ ಒಂದು ಕುದಿ ಬರುವಷ್ಟು ಹೊತ್ತು ಓಡಿರಬೇಕು. ಆಮೇಲೆ ಸಪ್ಪಳ ಗಡುಸಾಯಿತು, ಸುಟ್ಟ ಎಣ್ಣೆಯ ವಾಸನೆ ಬಂತು, ಒಮ್ಮೆ ಕಿರ್ರೆಂದು ಚೀರಿ ಎಂಜಿನ್ನು ಗಕ್ಕನೆ ನಿಂತಿತು. ನಿಂತ ಹೊಡೆತಕ್ಕೆ ತಂಬಿಗೆ ಕಳಚಿ ಗೋಡೆಯಾಚೆ ಹಾರಿತು.

ನಾನು ಎದ್ದು ಸೀರೆ ಜಾಡಿಸಿಕೊಳ್ಳುವಷ್ಟರಲ್ಲಿ ಮುಂಬಾಗಿಲಲ್ಲಿ ಮಾತು ಕೇಳಿತು. ಹೋಗಿ ನೋಡಿದರೆ ಗಿರಣಿಯ ಮುಂದೆ ಓಣಿಯ ಹೆಂಗಸರು ಜೋಳದ ಬುಟ್ಟಿ ಇಳಿಸಿಕೊಂಡು ನಿಂತಿದ್ದಾರೆ. "ಗಿರಣಿ ಚಾಲೂ ಆತಂತ ಬಂದ್ವಿ. ಕೀಲಿ ಹಾಕೇತಲ್ಲ?" ಎಂದು ಒಬ್ಬಳು. "ಈಗರ ಸಪ್ಪಳ ಕೇಳಿದ್ವಿ" ಎಂದು ಇನ್ನೊಬ್ಬಳು.

"ಅದು ಗಿರಣಿ ಅಲ್ರವಾ, ವಿಮಾನದ ಎಂಜಿನ್" ಎಂದೆ. ನನ್ನ ಬಾಯಿಂದಲೇ ಆ ಮಾತು ಬಂತು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಬುಟ್ಟಿ ಎತ್ತಿಕೊಳ್ಳುತ್ತ, "ಇಕಿಗೂ ಹುಚ್ಚ ಹತ್ತಿತು" ಎಂದಳು. ಎಲ್ಲರೂ ನಕ್ಕು ಹೋದರು.

ಚಾಚಿ ಮಾತ್ರ ಹಿಂದೆ ಉಳಿದರು. ಅವರ ಕೈಯಲ್ಲಿ ನನ್ನ ತಂಬಿಗೆ ಇತ್ತು, ಒಂದು ಕಡೆ ನಜ್ಜಿತ್ತು. "ನಮ್ಮ ಅಂಗಳದಾಗ ಬಿದ್ದಿತ್ತು, ಯವ್ವಾ" ಎಂದು ಕೊಟ್ಟರು. ಭಾರವೆನ್ನಿಸಿತು. ನೋಡಿದರೆ ಒಳಗೆ ಶೇಂಗಾ ಹಾಕಿದ್ದರು. "ಖಾಲಿ ಹ್ಯಾಂಗ ಕೊಡೂದು?" ಎಂದರು. ಅವರ ಡಬ್ಬಿಯ ಮಾತು ಆಗಲೂ ಎತ್ತಲಿಲ್ಲ. ನಾನು ಅವರ ಕೈ ಹಿಡಿದು, ಡಬ್ಬಿ ಏನಾಯಿತೆಂದು ನಿಂತ ಕಾಲಲ್ಲೇ ಹೇಳಿಬಿಟ್ಟೆ. ಅವರು ಕೇಳಿ, "ಹೋಗಲಿ, ನೀ ಉಂಡೇನು?" ಎಂದು ಕೇಳಿ ಹೋದರು.

ದೀಪ ಹಚ್ಚುವ ಹೊತ್ತಿಗೆ ಇವರು ಬಂದರು. ಕಟ್ಟೆಯ ಮೇಲೆ ಕೂತು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

"ಜರ್ಮನ್ ಅಂದ್ರ ದೇಶದ ಹೆಸರಂತ."

"ಹಾಂ?"

"ಅವರು ಹೇಳಿದ್ದು ಜರ್ಮನಿ ದೇಶದ ಎಂಜಿನ್ ಚಲೋ ಅಂತ. ಗಡಿಗಿ ಬೋಗುಣಿ ಅಲ್ಲ. ವಿಮಾನದ್ದೂ ಬೆಳ್ಳಗಿನ ಲೋಹಾನ ಖರೇ, ಆದ್ರ ಅದರಾಗ ಏನೇನೋ ಕೂಡಿಸಿ ಗಟ್ಟಿ ಮಾಡಿರತಾರಂತ. ನಾ ಬೋಗುಣಿ ಕರಗಿಸೇನಿ ಅಂದ್ರ ಭಾಳ ನಕ್ಕರು. ಅದು ಎಂದೂ ಓಡೂದಿಲ್ಲಂತ." ಇವರು ನೆಲ ನೋಡುತ್ತಿದ್ದರು. "ನಿನ್ನ ಭಾಂಡಿ ಎಲ್ಲಾ ಸುಮ್ನ ಹಾಳ ಮಾಡಿದೆ."

ಒಂದು ಶಬ್ದ. ಒಂದು ಶಬ್ದಕ್ಕೆ ನನ್ನ ಬೋಗುಣಿ, ಮುಚ್ಚಳ, ಸೋದರಮಾವನ ಪಾತೇಲಿ, ಚಾಚಿಯ ಡಬ್ಬಿ! ಬೈಯಬೇಕೆಂದು ಎಷ್ಟೋ ದಿನದಿಂದ ಕೂಡಿಟ್ಟುಕೊಂಡ ಮಾತುಗಳೆಲ್ಲ ಗಂಟಲಿಗೆ ಬಂದವು. ಆದರೆ ಬಾಯಿಂದ ಬಿದ್ದದ್ದು ಬೇರೆಯೇ.

"ಅದು ಓಡ್ತು."

ಇವರು ತಲೆ ಎತ್ತಲಿಲ್ಲ. "ಚೇಷ್ಟಿ ಮಾಡಬ್ಯಾಡ."

"ಖರೇನ ಓಡ್ತ್ರಿ. ಮಧ್ಯಾಹ್ನ. ನಾ ತಂಬಿಗಿ ಬಿಚ್ಚಾಕ ಹೋಗಿದ್ದೆ."

ನನ್ನ ಮೊಣಕೈಯ ಗಾಯ ನೋಡಿದರು. ಕಂದೀಲು ಹಿಡಿದು ಹಿತ್ತಲಿಗೆ ಹೋದರು. ಪಂಖಾ ಹಿಡಿದು ಎಳೆದರು, ಅಲುಗಲಿಲ್ಲ. ಇಡೀ ಮೈಭಾರ ಹಾಕಿ ಜೋತುಬಿದ್ದರು, ಅಲುಗಲಿಲ್ಲ. ಪಿಸ್ಟನ್ನು ಕಾಯ್ದು ಕೊಳವೆಗೆ ಕಚ್ಚಿಕೊಂಡಿತ್ತು. ಹೊಗೆ ಬರುವ ಬಾಯಿಗೆ ಬೆರಳು ಹಾಕಿ ತೆಗೆದರು. ಬೆರಳು ಕಪ್ಪಾಗಿತ್ತು. ಆ ಮಸಿಯನ್ನು ಕಂದೀಲಿನ ಬೆಳಕಿಗೆ ಹಿಡಿದು ನೋಡಿದರು, ಮೂಸಿ ನೋಡಿದರು.

"ಮಂದಿ ಕೇಳಿದರೇನು?"

"ಓಣಿಗೆಲ್ಲ ಕೇಳ್ತು."

"ಏನಂದ್ರು?"

ಸುಳ್ಳು ಹೇಳಲು ಬರಲಿಲ್ಲ. "ಗಿರಣಿ ಚಾಲೂ ಆತಂತ ಜೋಳ ತಂದಿದ್ರು" ಎಂದೆ. ಇವರು ಆ ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಒಳಗೆ ಬಂದರು.

ನಾನು ಮತ್ತೆ ಹೊಸ ಪಿಸ್ಟನ್ನು ಸುರುವಾಗುತ್ತದೆ ಎಂದುಕೊಂಡಿದ್ದೆ. ಓಡಿದ್ದು ಖರೆಯಾದ ಮೇಲೆ ಇವರನ್ನು ತಡೆಯುವವರು ಯಾರು? ಇನ್ನು ಅತ್ತೆಯ ಗಂಗಾಳವೂ ಉಳಿಯುವುದಿಲ್ಲ ಎಂದು ಎದೆ ಗಟ್ಟಿ ಮಾಡಿಕೊಂಡೆ. ಆದರೆ ಖಂಡೇಪೂಜೆಯ ದಿನ ಇವರು ಗಿರಣಿಯ ಎಂಜಿನ್ನಿಗೆ ವಿಭೂತಿ ಕುಂಕುಮ ಹಚ್ಚಿ, ಹಿತ್ತಲಿಗೆ ಬಂದು ಇದಕ್ಕೂ ಹಚ್ಚಿ, ಕಾಯಿ ಒಡೆದು, ಅದೇ ಮಧ್ಯಾಹ್ನ ಬಿಚ್ಚಲು ಕೂತರು. "ಓಡೇತಲ್ರಿ" ಎಂದೆ ನಾನು. ಅದನ್ನು ಯಾಕೆ ಹೇಳಿದೆನೋ ನನಗೇ ತಿಳಿಯಲಿಲ್ಲ.

"ನಾ ಕೇಳಿಲ್ಲಲ್ಲ. ಮಾತಂದ್ರ ಮಾತು" ಎಂದರು.

ಹಬ್ಬ ಮುಗಿದ ಮೇಲೆ ತುಂಡುಗಳೆಲ್ಲ ಗೋಣಿಚೀಲದಲ್ಲಿ ಬೋಗಾರರ ಅಂಗಡಿಗೆ ಹೋದವು, ಹೊಸ ಪಾತ್ರೆ ಬಂದವು. ಬೋಗುಣಿ, ಡಬ್ಬಿ, ಪಾತೇಲಿ, ಎಲ್ಲದಕ್ಕೂ ಮುಚ್ಚಳ. ಚಾಚಿಗೆ ಬೇರೆಯೇ ಒಂದು ಡಬ್ಬಿ ತಂದಿದ್ದರು. ಅದರಲ್ಲಿ ಸಕ್ಕರೆ ಹಾಕಿ ಕೊಟ್ಟು ಬಂದೆ. ಮಾಡಿನಲ್ಲಿ ಎಲ್ಲವನ್ನೂ ಜೋಡಿಸಿದೆ. ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ. ನಾನು ಕೇಳಿದ್ದೆಲ್ಲ ಬಂದಿತ್ತು, ಆದರೂ ಆ ಪಾತ್ರೆಗಳನ್ನು ನೋಡಿದರೆ ನನಗೆ ಸಿಡಿಮಿಡಿ ಆಗುತ್ತಿತ್ತು. ಒಂದನ್ನು ಬೇಕೆಂದೇ ಸಪ್ಪಳ ಮಾಡಿ ಇಟ್ಟೆ.

ಅವತ್ತು ಸಂಜೆ ಇವರು ಊಟಕ್ಕೆ ಕೂತರು. ಕೊಣ್ಣೂರಿನಿಂದ ಬಂದಿದ್ದ ಅತ್ತೆ ಹೊಸ್ತಿಲ ಹತ್ತಿರ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು, "ಅದು ಹ್ಯಾಂಗಿತ್ತು?" ಎಂದರು.

"ಯಾವುದ್ರಿ?"

"ಸಪ್ಪಳ."

"ನಿಮಗ ಗೊತ್ತಿಲ್ಲದ್ದೇನ ಐತಿ? ಬೆಳಗಾವ್ಯಾಗ ಕೇಳೀರಲ್ಲ."

"ಅಲ್ಲಿ ಬಿಚ್ಚಿ ಇಟ್ಟಿದ್ರು" ಎಂದರು. "ಓಡಿದ್ದು ನಾ ಎಲ್ಲೂ ಕೇಳಿಲ್ಲ."

ನನ್ನ ಕೈ ರೊಟ್ಟಿಯ ಮೇಲೆ ನಿಂತಿತು. ಅಷ್ಟು ಸಲ ಆ ಕಥೆ ಕೇಳಿದ್ದೆ, ಇದೊಂದನ್ನು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಬಾಯಿಲೆ ಮಾಡಿ ತೋರಸು" ಎಂದರು.

ಈ ಮನುಷ್ಯನಿಗೆ ನನ್ನ ಸಾಮಾನೆಲ್ಲ ಕೊಟ್ಟಾಯಿತು, ಈಗ ನನ್ನ ಬಾಯಿಯೂ ಬೇಕೇ ಎಂದು ಮೈ ಉರಿಯಿತು. ಅದೂ ಅತ್ತೆಯ ಎದುರಿಗೆ. ಅತ್ತೆಯ ಎದುರು ಗಂಡನ ಜೊತೆ ನಾಲ್ಕು ಮಾತು ಜೋರಾಗಿ ಆಡುವುದೇ ಹೆಚ್ಚು ಎನ್ನುವ ಕಾಲ ಅದು. ನಾನು ಕೈಯ ಹಿಟ್ಟು ಒರೆಸಿಕೊಂಡೆ. ಉಸಿರೆಳೆದು ಗಂಟಲಿನಿಂದ, ತುಟಿ ನಡುಗಿಸಿ, ಅದು ಹೇಗಿತ್ತೋ ಹಾಗೆ ಮಾಡಿದೆ. ಅತ್ತೆಯ ಕೈಯ ಮೊರ ನಿಂತಿತು. ಇವರು ನಗಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು.

"ಇಷ್ಟ ಲಗೂ ಇತ್ತೇನು?" ಎಂದು ಎಡಗೈ ಬೆರಳಿನಿಂದ ಆ ವೇಗವನ್ನು ತೊಡೆಯ ಮೇಲೆ ತಟ್ಟುತ್ತ ಕೇಳಿದರು.

"ಇದಕ್ಕಿಂತ ಲಗೂ."

"ಹಂಗಾರ ಲಗೂ ಮಾಡು."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಲೆಯ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಮತ್ತೊಮ್ಮೆ ಉಸಿರು ತುಂಬಿಕೊಂಡು, ಅದಕ್ಕಿಂತ ಲಗೂ ಮಾಡಿದೆ.